ಚೀಟಿಗೆ ಸೈನ್ ಹಾಕಿದ್ದು ನಾನು

ಮೂಡಿಗೆರೆ ಕಡೆ ಒಂದು ಕಾಫಿ ತೋಟದಲ್ಲಿ ನಾನು ರೈಟರ್. ಹಣ್ಣು ಕೊಯ್ಲಿಂದ ಹಿಡಿದು ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್, ಒಣಗಿಸೋ ಕಣ, ಗೋಡೌನು, ಕೊನೆಗೆ ಕ್ಯೂರಿಂಗ್‌ಗೆ, ಅಂದ್ರೆ ಹೊಟ್ಟು ಬಿಡಿಸಿ ಕಾಳು ವಿಂಗಡಿಸೋ ಕಾರ್ಖಾನೆಗೆ, ಲಾರಿ ಹತ್ತಿಸೋವರೆಗೂ ಲೆಕ್ಕ ನಂದೇ. ಮೂರು ವರ್ಷದ ಹಿಂದೆ ಆಗಿದ್ದನ್ನ ಹೇಳ್ತೀನಿ, ಯಾಕಂದ್ರೆ ಈ ಕೆಲಸಕ್ಕೆ ಹೊಸದಾಗಿ ಬರೋ ಹುಡುಗ್ರಿಗೆ ಗೊತ್ತಿರ್ಬೇಕು.

ಡಿಸೆಂಬರ್ ಕೊನೆ. ಕಣದ ತುಂಬ ಅರೇಬಿಕಾ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದ, ಹೊಟ್ಟು ಇನ್ನೂ ಇರೋ ಕಾಫಿ), ಬೆಳಿಗ್ಗೆ ಹತ್ತು ಗಂಟೆವರೆಗೂ ಮಂಜು ಬಿಡ್ತಿರ್ಲಿಲ್ಲ, ಮಾರನೇ ದಿನಕ್ಕೆ ಲಾರಿ ಬೇರೆ ಹೇಳಿಯಾಗಿತ್ತು. ಕಣ ನೋಡ್ಕೊಳ್ಳೋ ಅಕ್ಕ ಬಂದು "ರೈಟ್ರೆ, ಆ ಸಿಲ್ವರ್ ಮರದ ನೆರಳಲ್ಲಿರೋದಕ್ಕೆ ಇನ್ನೂ ಒಂದು ಬಿಸ್ಲು ಬೇಕು" ಅಂದ್ರು. ನಾನು ತೇವ ನೋಡೋ ಮೀಟರ್ ತಂದು, ಚೆನ್ನಾಗಿ ಬಿಸ್ಲು ಬೀಳೋ ಕಡೆಯಿಂದ ಒಂದು ಹಿಡಿ ತೆಗೆದು ಹಾಕ್ದೆ, 10 ತೋರಿಸ್ತು. ಅರೇಬಿಕಾ ಪಾರ್ಚ್‌ಮೆಂಟ್‌ಗೆ ಬೇಕಾಗಿರೋದೂ 10 ಪರ್ಸೆಂಟೇ. ಸಾಕು ಮೂಟೆ ಕಟ್ಟಿ ಅಂದೆ, ಒಣಗಿದೆ ಅನ್ನೋ ಚೀಟಿಗೆ ಸೈನ್ ಹಾಕ್ದೆ.

ನಾಲ್ಕನೇ ದಿನಕ್ಕೆ ತೋಟದ ಸಾಹುಕಾರ್ರ ಫೋನು. ಕ್ಯೂರಿಂಗ್‌ನಲ್ಲಿ ನೋಡಿದ್ರೆ ಲೋಡ್‌ನಲ್ಲಿ 18 ಮೂಟೆ ತೇವ 13ರ ಮೇಲೆ ಬರ್ತಿದೆಯಂತೆ, ಏನ್ ಕಥೆ ಅಂತ ಕೇಳಿದ್ರು. ನನ್ ಬಾಯಿಂದ ಬಂದಿದ್ದು "ಮಂಜು ಜಾಸ್ತಿ ಇತ್ತು ಸಾರ್, ಕಣದವ್ರು ಸರಿಯಾಗಿ ಕೈಯಾಡ್ಸಿಲ್ಲ ಅನ್ಸುತ್ತೆ."

ಮಂಜು ಇದ್ದಿದ್ದು ನಿಜ. ಕಣದವ್ರ ವಿಷ್ಯ ಶುದ್ಧ ಸುಳ್ಳು. ಅವತ್ತು ರಾತ್ರಿ ಊಟ ಸೇರ್ಲಿಲ್ಲ, ಯಾಕಂದ್ರೆ ಬೆಳಿಗ್ಗೆ ಸಾಹುಕಾರ್ರು ಕಣಕ್ಕೆ ಬಂದ್ರೆ ಬೈಸ್ಕೊಳ್ಳೋದು ಆ ಅಕ್ಕ, ಇನ್ನೂ ಒಣಗಿಲ್ಲ ಅಂತ ನನಗೆ ಹೇಳಿದ್ದೂ ಅದೇ ಅಕ್ಕ.

ಏಳು ಗಂಟೆಗೇ ಬಂಗ್ಲೆಗೆ ಹೋದೆ. ಕಾರಣ ಏನೂ ಹೇಳೋದು ಬೇಡ, ಆಗಿದ್ದನ್ನ ಆಗಿರೋ ಹಾಗೆ ಹೇಳೋಣ ಅಂತ ದಾರೀಲೇ ತೀರ್ಮಾನ ಮಾಡಿದ್ದೆ. "ನಿನ್ನೆ ಹೇಳಿದ್ದು ತಪ್ಪು ಸಾರ್. ಆಕೆ ಒಣಗಿಲ್ಲ ಅಂದಿದ್ರು, ನಾನೇ ಒಂದೇ ಕಡೆ ಸ್ಯಾಂಪಲ್ ತೆಗೆದು ಸೈನ್ ಹಾಕಿದ್ದು. 18 ಮೂಟೆ ವಾಪಸ್ ತರಿಸಿ ಎರಡು ದಿನ ಒಣಗಿಸ್ತೀನಿ, ಬೂಷ್ಟು ಹಿಡಿಯೋಕೆ ಮುಂಚೆ ಆಗ್ಬೇಕು, ಲಾರಿ ಬಾಡಿಗೆ ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ." ಅವ್ರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ "ಮೊದ್ಲು ಮೂಟೆ ತರಿಸಿ" ಅಂದ್ರು. ಬಾಡಿಗೆ ಅರ್ಧ ಹಿಡಿದ್ರು, ಅದು ನ್ಯಾಯವೇ.

ಆಮೇಲೆ ಕಣಕ್ಕೆ ಹೋಗಿ ಎಲ್ಲರ ಮುಂದೆ ಅಕ್ಕನಿಗೆ ತಪ್ಪಾಯ್ತು ಅಂದೆ. ಸಾಹುಕಾರ್ರಿಗೆ ಹೇಳೋದಕ್ಕಿಂತ ಇದೇ ಕಷ್ಟ ಆಗಿದ್ದು. ಒಣಗಿಸಿದ ಮೇಲೆ ತೂಕದ ಬುಕ್ಕೂ ತಿದ್ದಬೇಕಾಯ್ತು, 50 ಕೆಜಿ ಮೂಟೆ 13ರಿಂದ 10ಕ್ಕೆ ಇಳಿದ್ರೆ ಒಂದೂಮುಕ್ಕಾಲು ಕೆಜಿ ಹತ್ತಿರ ಕಮ್ಮಿ ಆಗುತ್ತೆ. ಹಳೇ ಲೆಕ್ಕನ ಹೊಡೆದು ಹಾಕದೆ ಒಂದೇ ಗೀಟು ಎಳೆದು ಪಕ್ಕದಲ್ಲಿ ಹೊಸದು ಬರೆದು, ಯಾಕೆ ಅಂತಲೂ ಬರೆದು ಸೈನ್ ಮಾಡ್ದೆ.

ಈಗ ಕಣನ ನಾಲ್ಕು ಭಾಗ ಮಾಡಿ ನೆರಳಿನ ಮೂಲೆ ಸೇರಿಸಿ ಬೇರೆ ಬೇರೆ ಸ್ಯಾಂಪಲ್ ತೆಗೀತೀನಿ, ಬಿಸ್ಲಿಂದ ಎತ್ತಿದ ತಕ್ಷಣ ನೋಡಲ್ಲ, ಬಿಸಿ ಕಾಳಿಗೆ ಮೀಟರ್ ಸರಿಯಾಗಿ ತೋರ್ಸಲ್ಲ, ಅರ್ಧ ಗಂಟೆ ತಣ್ಣಗಾಗ್ಬೇಕು. ಒಂದೇ ಅಳತೆ ಡಬ್ಬ ತುಂಬ ಕಾಫಿ ತೂಗಿ, ಎರಡು ದಿನ ಒಂದೇ ತೂಕ ಬಂದ್ರೆ ಮಾತ್ರ ಒಣಗಿದೆ ಅಂತ ಲೆಕ್ಕ. ನಾನು ಕಣ್ಣಾರೆ ನೋಡದ ಲಾಟ್‌ಗೆ ಯಾರು ಎಷ್ಟೇ ಅವಸರ ಮಾಡಿದ್ರೂ ಸೈನ್ ಹಾಕಲ್ಲ. ಅಕ್ಕ ಹೇಳಿದ್ದನ್ನೂ ಅವ್ರ ಹೆಸ್ರಲ್ಲೇ ಬುಕ್ಕಿಗೆ ಬರೀತೀನಿ.

ಈ ಜನವರಿಯಲ್ಲಿ ಲಾರಿ ಬಂದು ನಿಂತಿತ್ತು, 12 ಮೂಟೆ 11.5 ತೋರಿಸ್ತು. ಇಳಿಸಿ ಮತ್ತೆ ಕಣಕ್ಕೆ ಹಾಕ್ಸಿ, ಸಾಹುಕಾರ್ರು ಕೇಳೋಕೆ ಮುಂಚೆ ನಾನೇ ಫೋನ್ ಮಾಡಿ ಹೇಳ್ದೆ, ಇವತ್ತು ಲೋಡ್ ಪೂರ್ತಿ ಬರಲ್ಲ ಸಾರ್, ನಾಡಿದ್ದು ಕಳಿಸ್ತೀನಿ.