ನೀತಿ ಸಂಹಿತೆ ತಿದ್ದಲು ಕೂತಿದ್ದೀರಾ? ಮೊದಲು ‘ಲಾಗುವುದು’ಗಳನ್ನು ಎಣಿಸಿ

ವಿದ್ಯಾರ್ಥಿಗಳ ನೀತಿ ಸಂಹಿತೆ ತಿದ್ದುವ ಸಮಿತಿಗೆ ನಿಮ್ಮ ಹೆಸರು ಸೇರಿಸಿದ್ದಾರಾ? ಸಾಮಾನ್ಯವಾಗಿ ಆಗುವುದು ಇಷ್ಟೇ: ಇನ್ನೊಂದು ವಿಶ್ವವಿದ್ಯಾಲಯದ ಪಿಡಿಎಫ್ ಇಳಿಸಿ, ಹೆಸರು ಬದಲಾಯಿಸಿ, ಮೊಬೈಲ್ ಬಗ್ಗೆ ಎರಡು ಸಾಲು ತುರುಕಿ, ಕಾಫಿ ಬಿಸ್ಕತ್ತು ಮುಗಿಸಿ ಎದ್ದು ಹೋಗುವುದು. ಹಾಗೆ ಮಾಡಬೇಡಿ.

ಹಳೇ ಪ್ರತಿಯ ಪ್ರಿಂಟ್ ತೆಗೆಸಿ. ಕೆಂಪು ಪೆನ್ ಹಿಡಿದು ‘ಲಾಗುವುದು’ ಅಂತ ಮುಗಿಯುವ ಸಾಲಿಗೆಲ್ಲ ಗೆರೆ ಎಳೆಯಿರಿ. ಕ್ರಮ ಜರುಗಿಸಲಾಗುವುದು, ದಂಡ ವಿಧಿಸಲಾಗುವುದು, ಮೊಬೈಲ್ ವಶಪಡಿಸಿಕೊಳ್ಳಲಾಗುವುದು. ಯಾರು ಜರುಗಿಸುತ್ತಾರೆ? ಯಾರು ಕಿತ್ತುಕೊಳ್ಳುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಸಾಲಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲದ ಕಡೆ ಯಾರು ಬೇಕಾದರೂ ನುಗ್ಗುತ್ತಾರೆ.

ನಾನು ಕೂತಿದ್ದ ಸಮಿತಿಯಲ್ಲಿ ಮೊದಲು ಬಂದ ಪ್ರಕರಣ ಇದೇ. ಎರಡನೇ ವರ್ಷದ ಹುಡುಗಿಯೊಬ್ಬಳ ಮೊಬೈಲನ್ನು ತರಗತಿಯಲ್ಲಿ ಕಿತ್ತುಕೊಂಡು ಎಂಟು ದಿನ ವಿಭಾಗದ ಬೀರುವಿನಲ್ಲಿ ಇಟ್ಟಿದ್ದರು. ಅವಳ ಮೆಟ್ರೋ ಟಿಕೆಟ್ ಅದರಲ್ಲೇ, ಊಟದ ದುಡ್ಡು ಅದರಲ್ಲೇ, ರಾತ್ರಿ ಪಿಜಿ ತಲುಪಿದೆ ಅಂತ ಅಮ್ಮನಿಗೆ ಹೇಳುವುದೂ ಅದರಲ್ಲೇ. ನಿಯಮದ ಪ್ರಕಾರ ತಪ್ಪೇನೂ ಆಗಿರಲಿಲ್ಲ, ಏಕೆಂದರೆ ನಿಯಮದಲ್ಲಿ ಏನೂ ಇರಲಿಲ್ಲ. ಕೊನೆಗೆ ಹೀಗೆ ಬರೆದೆವು: ‘ಪಾಠ ಮಾಡುತ್ತಿರುವ ಅಧ್ಯಾಪಕರು ಮೊಬೈಲನ್ನು ತಮ್ಮ ಮೇಜಿನ ಮೇಲೆ ಇಡಿಸಬಹುದು. ಆ ತರಗತಿ ಮುಗಿದ ಕೂಡಲೇ ವಾಪಸ್ ಕೊಡಬೇಕು. ಒಳಗಿರುವುದನ್ನು ತೆರೆದು ನೋಡುವಂತಿಲ್ಲ.’ ಮೂರು ಸಾಲು. ಇದಕ್ಕೆ ಎರಡು ಸಭೆ ಹಿಡಿಯಿತು, ನಗಬೇಡಿ.

ಮುಂದಿನದು ‘ಸಂಸ್ಥೆಯ ಘನತೆಗೆ ಧಕ್ಕೆ’. ಇದನ್ನು ಹೊಡೆದು ಹಾಕಿಬಿಡಿ. ಹಾಸ್ಟೆಲ್‌ಗೆ ಎರಡು ದಿನ ನೀರಿನ ಟ್ಯಾಂಕರ್ ಬರಲಿಲ್ಲ ಅಂತ ಖಾಲಿ ಬಕೆಟ್‌ಗಳ ವಿಡಿಯೋ ಹಾಕಿದವನೂ ಇದರೊಳಗೆ ಬರುತ್ತಾನೆ, ಪರೀಕ್ಷೆ ಕೊಠಡಿಯಲ್ಲಿ ಕುಡಿದು ಗಲಾಟೆ ಮಾಡಿದವನೂ ಬರುತ್ತಾನೆ. ನಿಮಗೆ ಬೇಡದ ಕೆಲಸ ಯಾವುದೋ ಅದರ ಹೆಸರು ಹೇಳಿ. ಹೇಳಲು ಬರಲಿಲ್ಲ ಅಂದರೆ ಅದು ತಪ್ಪೇ ಅಲ್ಲ, ನಿಮ್ಮ ಸಿಟ್ಟು.

ಕೆಲವು ವಿಷಯ ನಿಮ್ಮ ಕೈಯಲ್ಲಿಲ್ಲ. ರ‍್ಯಾಗಿಂಗ್‌ಗೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮಗಳಿವೆ. ಅಪರಾಧ ನಡೆದಿದೆ ಅಂತ ಗೊತ್ತಾದ 24 ಗಂಟೆಯೊಳಗೆ ಸಂಸ್ಥೆಯ ಮುಖ್ಯಸ್ಥರೇ ಎಫ್‌ಐಆರ್ ಹಾಕಿಸಬೇಕು, ‘ಹುಡುಗರು ತಮಾಷೆ ಮಾಡಿದ್ದಾರೆ ಬಿಡಿ’ ಅಂತ ರಾಜಿ ಮಾಡಿಸಿ ಕಳಿಸುವಂತಿಲ್ಲ. ಲೈಂಗಿಕ ಕಿರುಕುಳಕ್ಕೆ 2015ರ ನಿಯಮಗಳು, ಆಂತರಿಕ ದೂರು ಸಮಿತಿ. ಇವೆರಡನ್ನೂ ಶಿಸ್ತು ಸಮಿತಿಯ ಪಟ್ಟಿಗೆ ಬೆರೆಸಬೇಡಿ, ದೂರು ಎಲ್ಲಿಗೆ ಹೋಗಬೇಕು ಅಂತ ಮಾತ್ರ ಬರೆಯಿರಿ.

ಈಗ ವಿಚಾರಣೆ. ವಿದ್ಯಾರ್ಥಿಗಳು ಕೊಡುವ ದೂರಿನ ವಿಷಯದಲ್ಲಿ 2023ರ ಯುಜಿಸಿ ನಿಯಮ ದಿನದ ಲೆಕ್ಕ ಹಾಕಿದೆ, ಕುಂದುಕೊರತೆ ಸಮಿತಿ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ವಿದ್ಯಾರ್ಥಿಯ ಮೇಲೆ ದೂರು ಬಂದಾಗ ಮಾತ್ರ ತಿಂಗಳುಗಟ್ಟಲೆ ಅಲೆಸುವುದು ಯಾವ ನ್ಯಾಯ? ಆರೋಪವನ್ನು ಲಿಖಿತವಾಗಿ ಕೊಡಿ, ಉತ್ತರಕ್ಕೆ ಸಮಯ ಕೊಡಿ, ಜೊತೆಗೆ ಒಬ್ಬರನ್ನು ಕರೆತರಲು ಬಿಡಿ. ದೂರು ಕೊಟ್ಟವರೇ ತೀರ್ಪು ಕೊಡುವ ಕುರ್ಚಿಯಲ್ಲಿ ಕೂರಬಾರದು. ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಅಂತ ಅದೇ ಪುಟದಲ್ಲಿರಲಿ. ದಂಡ ಕಟ್ಟಿಸಿಕೊಂಡರೆ ರಸೀದಿ ಕೊಡಿ. ಇದನ್ನೂ ಬರೆಯಬೇಕಾ ಅನ್ನುತ್ತೀರಿ, ಬರೆಯಬೇಕು.

ವಿದ್ಯಾರ್ಥಿಗಳನ್ನು ಕೇಳಿ, ಆದರೆ ತರಗತಿ ಪ್ರತಿನಿಧಿಗಳಾದ ಸಿಆರ್‌ಗಳನ್ನಷ್ಟೇ ಅಲ್ಲ. ಬಹಳ ಕಡೆ ಅವರನ್ನು ಆರಿಸುವುದು ಮೇಷ್ಟರೇ ಅಲ್ವಾ. ಹಾಸ್ಟೆಲ್ ಊಟದ ಹಾಲ್‌ನಲ್ಲಿ ಕರಡನ್ನು ಅಂಟಿಸಿ, ಪಕ್ಕದಲ್ಲಿ ಒಂದು ಪೆನ್ನು ಕಟ್ಟಿ. ನಮ್ಮ ಕರಡಿನ ‘9ಕ್ಕೆ ಗೇಟ್ ಬಂದ್’ ಅನ್ನುವ ಸಾಲಿನ ಕೆಳಗೆ ಯಾರೋ ಬರೆದಿದ್ದರು: ‘ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೂ ಒಂದು ಪ್ರತಿ ಕಳಿಸಿ.’ ಗೇಟಿನ ನಿಯಮ ಮರುದಿನವೇ ಬದಲಾಯಿತು.

ಕರಡನ್ನು ಮೊದಲು ಕನ್ನಡದಲ್ಲೇ ಬರೆಯಿರಿ ಅನ್ನುವುದು ನನ್ನ ಹಟ. ಕೋಲಾರದಿಂದಲೋ ಪಾವಗಡದಿಂದಲೋ ಬಂದ ಅಪ್ಪ ಅಡ್ಮಿಷನ್ ದಿನ ಇಂಗ್ಲಿಷ್ ಕಾಗದಕ್ಕೆ ಸುಮ್ನೆ ಸಹಿ ಹಾಕಿ ಹೋಗುತ್ತಾರೆ. ಅವರಿಗೆ ಓದಿ ಹೇಳಿದಾಗ ಅರ್ಥವಾಗದ ಸಾಲು ಇಂಗ್ಲಿಷ್‌ನಲ್ಲೂ ಗಟ್ಟಿ ಇರುವುದಿಲ್ಲ, ಅಲ್ಲಿ ಗೊತ್ತಾಗುವುದಿಲ್ಲ ಅಷ್ಟೇ.

ಒಪ್ಪಿಗೆಯ ದಾರಿಯನ್ನು ಮೊದಲೇ ಕುಲಸಚಿವರ ಕಚೇರಿಯಲ್ಲಿ ಕೇಳಿಕೊಳ್ಳಿ. ರಾಜ್ಯ ವಿಶ್ವವಿದ್ಯಾಲಯವಾದರೆ 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ ಮತ್ತು ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ), ಖಾಸಗಿಯಾದರೆ ಅದರದೇ ಕಾಯ್ದೆ. ಯಾವ ದಿನದಿಂದ ಜಾರಿ ಅಂತ ಬರೆಯಿರಿ. ಅದಕ್ಕೂ ಹಿಂದೆ ನಡೆದದ್ದಕ್ಕೆ ಹೊಸ ಶಿಕ್ಷೆ ಬೇಡ. ಇನ್ನು ವೆಬ್‌ಸೈಟ್‌ಗೆ ಹಾಕುವ ಮುಂಚೆ ಫಾಂಟ್ ನೋಡಿ. ಟೈಪ್ ಮಾಡಿದವರು ಹಳೇ ‘ನುಡಿ’ ತಂತ್ರಾಂಶದಲ್ಲಿ ಮಾಡಿದ್ದರೆ ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ನಕಲು ಮಾಡಿ ವಾಟ್ಸಾಪ್‌ಗೆ ಹಾಕಿದವರಿಗೆ ಇಷ್ಟು ದಿನದ ಕೆಲಸವೆಲ್ಲ ಚಿತ್ರವಿಚಿತ್ರ ಅಕ್ಷರಗಳಾಗಿ ಕಾಣುತ್ತದೆ.