ಒಂದೇ ಐರಿಷ್ ಹೆಸರಿನ ಹಲವರು: ಕಲಸಿಹೋಗದ ಹಾಗೆ ಪಟ್ಟಿ ಬರೆಯುವುದು ಹೇಗೆ?

ದಾವಣಗೆರೆಯ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಬಸವರಾಜ ಎಂಬ ಹೆಸರು ಒಂದೇ ಸಲ ಬಂದರೆ ಅದೇ ಅಪರೂಪ. ಆನಗೋಡಿನ ಬಸವರಾಜ, ಮಾಯಕೊಂಡದ ಬಸವರಾಜ ಎಂದು ಊರು ಸೇರಿಸಿ ಕೂಗಿದರೆ ಕೆಲಸ ಮುಗಿಯಿತು. ಆದರೆ ಕ್ವಿಜ್ ತಂಡದವರೋ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೋ ಸಾಮಾನ್ಯ ಜ್ಞಾನದ ನೋಟ್ಸ್ ಮಾಡಿಕೊಳ್ಳುವಾಗ ಈ ಜಾಣತನವನ್ನು ಮರೆಯುತ್ತಾರೆ. 'ಮೈಕೆಲ್ ಕಾಲಿನ್ಸ್' ಎಂದಷ್ಟೇ ಬರೆದು ಮುಂದೆ ಹೋಗುತ್ತಾರೆ. ಐರಿಷ್ ಹೆಸರುಗಳಲ್ಲಿ ಈ ತಪ್ಪು ಬೇಗ ಆಗುತ್ತದೆ. ಒಂದು ಕಾರಣ, ಅಲ್ಲಿ ಕೆಲವೇ ಹೆಸರುಗಳು ತಲೆಮಾರುಗಳಿಂದ ತಿರುಗುತ್ತಿವೆ. ಇನ್ನೊಂದು, ಬರೆಯುವುದು ಒಂದು ರೀತಿ, ಉಚ್ಚರಿಸುವುದು ಇನ್ನೊಂದು ರೀತಿ.

ಬೇಕಾಗುವುದು 200 ಪುಟದ ಒಂದು ಉದ್ದ ನೋಟ್‌ಬುಕ್, ಸ್ಕೇಲು, ಪೆನ್ಸಿಲ್ಲು. ಒಂದು ಹೆಸರಿಗೆ ಎದುರುಬದುರು ಎರಡು ಪುಟ ಬಿಡಿ. ಎಡಪುಟದಲ್ಲಿ ಐದು ಅಂಕಣ: ಹೆಸರು, ಹುಟ್ಟು–ಸಾವು, ಊರು, ಕೆಲಸ, ಗುರುತು. ಬಲಪುಟ ಖಾಲಿ ಇರಲಿ, ತಿದ್ದುಪಡಿಗಳು ಅಲ್ಲಿಗೆ ಹೋಗುತ್ತವೆ. ಗ್ರಂಥಾಲಯಕ್ಕೆ ಮಾಡುವುದಾದರೆ 5×3 ಅಂಗುಲದ ಕಾರ್ಡು ಒಳ್ಳೆಯದು. ಒಬ್ಬರಿಗೆ ಒಂದೇ ಕಾರ್ಡು, ಎಷ್ಟೇ ಜಾಗ ಉಳಿದರೂ ಇನ್ನೊಬ್ಬರನ್ನು ಅದರಲ್ಲಿ ತುರುಕಬೇಡಿ.

ಮೊದಲ ಕೆಲಸ ಉಚ್ಚಾರಣೆ ಗೊತ್ತುಮಾಡುವುದು. ಇದನ್ನು ಬಿಟ್ಟರೆ ಒಬ್ಬರೇ ಎರಡು ಕಡೆ ಬರುತ್ತಾರೆ. 'ಶಾನ್' ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರ ನೋಡಿ 'ಸೀನ್' ಎಂದು ಬರೆದರೆ ಅದು ಸ-ದಲ್ಲಿ ಕೂರುತ್ತದೆ. ಮುಂದಿನ ತಿಂಗಳು ಇನ್ಯಾರೋ ಸರಿಯಾಗಿ ಬರೆದು ಶ-ದಲ್ಲಿ ಕೂರಿಸುತ್ತಾರೆ. ಐರಿಷ್ ಕಾಗುಣಿತಕ್ಕೆ ನಿಯಮವಿದೆ, ನಾಲ್ಕು ಗೊತ್ತಿದ್ದರೆ ಬಹುತೇಕ ಹೆಸರು ದಡ ಸೇರುತ್ತವೆ. ಬಿ ಜೊತೆ ಎಚ್ ಬಂದರೆ ಸಾಮಾನ್ಯವಾಗಿ ವ. ಎಂ ಜೊತೆ ಎಚ್ ಬಂದರೂ ವ. ಎಸ್ ಪಕ್ಕದಲ್ಲಿ ಇ ಅಥವಾ ಐ ಇದ್ದರೆ ಶ, ಇಲ್ಲವಾದರೆ ಸ. ಸಿ ಎಂದರೆ ಕ, ಎಂದೂ ಸ ಅಲ್ಲ. ಹಾಗಾಗಿ 2024ರಲ್ಲಿ ಆಸ್ಕರ್ ಪಡೆದ ನಟ ಕಿಲಿಯನ್ ಮರ್ಫಿ, ಸಿಲಿಯನ್ ಅಲ್ಲ. ಎನ್-ಐ-ಎ-ಎಂ-ಎಚ್ ಎಂದು ಬರೆಯುವ ಹೆಣ್ಣುಮಗಳ ಹೆಸರು 'ನೀವ್'. ನಮ್ಮ ಕಡೆ ಕರೆದರೆ ಯಾರಿಗೆ ಮರ್ಯಾದೆ ಕೊಟ್ಟಂತೆ ಎಂಬ ಗೊಂದಲವಾದೀತು. 'ಶಿವಾನ್' ಎಂಬ ಇನ್ನೊಂದು ಹೆಸರಿಗೂ ಶಿವನಿಗೂ ಏನೇನೂ ಸಂಬಂಧವಿಲ್ಲ, ಮಧ್ಯದ ಬಿ-ಎಚ್ ವ ಆಗಿದೆ ಅಷ್ಟೆ.

ಸ್ವರದ ಮೇಲಿನ ಓರೆಗೆರೆಯನ್ನು ಅವರು ಫಾಡಾ ಎನ್ನುತ್ತಾರೆ. ಅದು ನಮ್ಮ ದೀರ್ಘದ ಹಾಗೆ ಕೆಲಸ ಮಾಡುತ್ತದೆ. ಆ ಗೆರೆ ಬಿಟ್ಟರೆ 'ಶಾನ್' ಎಂಬ ಹೆಸರು 'ಹಳೆಯ' ಎಂಬ ಅರ್ಥದ ಪದವಾಗಿಬಿಡುತ್ತದೆ. ಇಂಗ್ಲಿಷ್ ಕೀಬೋರ್ಡಿನಲ್ಲಿ ಆ ಗೆರೆ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಕನ್ನಡದಲ್ಲಿ ದೀರ್ಘ ಹಾಕಿದರೆ ಸಾಕು, ಈ ವಿಷಯದಲ್ಲಿ ನಮ್ಮ ಲಿಪಿಯೇ ವಾಸಿ. ನಿಯಮಕ್ಕಿಂತ ಮೇಲೆ ಇರುವುದು ಹೆಸರಿನ ಒಡೆಯರ ಮಾತು. ನಟಿ ರೋನನ್ ಅವರ ಮೊದಲ ಹೆಸರು ನಿಯಮದ ಪ್ರಕಾರ 'ಸೀರ್ಷ', ಅವರು ಹೇಳಿಕೊಳ್ಳುವುದು 'ಸರ್ಷ'. ಸರ್ಷ ಎಂದೇ ಬರೆಯಿರಿ.

ಅಡ್ಡಹೆಸರಿನ (ಮನೆತನದ ಹೆಸರಿನ) ಮುಂದಿನ ತುಂಡುಗಳನ್ನೂ ಗುರುತು ಹಿಡಿಯಬೇಕು. 'ಓ' ಎಂದರೆ ಮೊಮ್ಮಗ, ವಂಶದವನು. 'ಮ್ಯಾಕ್' ಎಂದರೆ ಮಗ. ನಮ್ಮ 'ಮಗ'ಕ್ಕೂ ಅದಕ್ಕೂ ನಂಟಿಲ್ಲ, ನೆನಪಿಡಲು ಮಾತ್ರ ಅನುಕೂಲ. ಎಂ-ಸಿ ಎಂದು ಮೊಟಕಾಗಿ ಬರೆದರೂ ಅದು ಮ್ಯಾಕ್‌ ತಾನೆ. ಮೊಟಕು ರೂಪ ಐರಿಷ್, ಪೂರ್ತಿ ರೂಪ ಸ್ಕಾಟಿಷ್ ಎಂಬ ಮಾತು ಸುಳ್ಳು. ಹೆಣ್ಣುಮಕ್ಕಳಿಗೆ ಐರಿಷ್ ಭಾಷೆಯಲ್ಲಿ 'ಓ' ಬದಲು 'ನೀ' ಬರುತ್ತದೆ, ಅದರ ಮುಂದಿನ ಅಕ್ಷರವೂ ಮೆದುವಾಗುತ್ತದೆ. ಇಂಗ್ಲಿಷಿನಲ್ಲಿ ಬ್ರೆನನ್ ಎನಿಸಿಕೊಂಡ ಮನೆತನದಲ್ಲಿ ಹುಟ್ಟಿದ ಗಾಯಕಿ ಎನ್ಯಾ ಅವರ ಐರಿಷ್ ಅಡ್ಡಹೆಸರು ನೀ ಎಂದು ಶುರುವಾಗಿ, ಅದರ ಬ ಮೆದುವಾಗಿ ವ ಆಗುತ್ತದೆ. ಅಡ್ಡಹೆಸರಿನ ಅಕಾರಾದಿಯಲ್ಲಿ ಪಟ್ಟಿ ಮಾಡಿದರೆ ಒಂದೇ ಮನೆಯ ಅಣ್ಣ ಓ-ದಲ್ಲಿ, ತಂಗಿ ನ-ದಲ್ಲಿ. ಆದ್ದರಿಂದ ಕನ್ನಡ ಪಟ್ಟಿಯನ್ನು ಮೊದಲ ಹೆಸರಿನಿಂದಲೇ ಜೋಡಿಸಿ. ಇಲ್ಲದಿದ್ದರೆ ಓ ಪುಟ ಒಂದೇ ತುಂಬಿ ತುಳುಕುತ್ತದೆ.

ಈಗ ಒಂದು ಪುಟ ಪೂರ್ತಿ ತುಂಬಿ ನೋಡೋಣ. ಹೆಸರು ಮೈಕೆಲ್ ಕಾಲಿನ್ಸ್. ಕ್ರಮ ಹಳಬರಿಂದ ಹೊಸಬರಿಗೆ. ಹೆಚ್ಚು ಪ್ರಸಿದ್ಧರು ಮೊದಲು ಎಂದು ಜೋಡಿಸಿದರೆ ಯಾರು ಹೆಚ್ಚು ಪ್ರಸಿದ್ಧರು ಎಂಬ ಜಗಳ ಮುಗಿಯುವುದೇ ಇಲ್ಲ.

ಮೈಕೆಲ್ ಕಾಲಿನ್ಸ್ (ಕ್ರಾಂತಿಕಾರಿ), 1890–1922. ಐರ್ಲೆಂಡಿನ ಕಾರ್ಕ್ ಕೌಂಟಿಯವರು (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ). 1921ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಜೊತೆ, ಐರ್ಲೆಂಡಿನ ಸ್ವಾತಂತ್ರ್ಯ ಯುದ್ಧ ಮುಗಿಸಿದ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬರು. 1922ರ ಆಗಸ್ಟ್ 22ರಂದು ಕಾರ್ಕ್‌ನಲ್ಲೇ ಹೊಂಚುದಾಳಿಯಲ್ಲಿ ಸತ್ತರು.

ಮೈಕೆಲ್ ಕಾಲಿನ್ಸ್ (ಗಗನಯಾತ್ರಿ), 1930–2021. ಅಮೆರಿಕದವರು, ಹುಟ್ಟಿದ್ದು ರೋಮ್‌ನಲ್ಲಿ. 1969ರ ಜುಲೈನಲ್ಲಿ ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಚಂದ್ರನ ಮೇಲೆ ಇಳಿದಾಗ ಕೊಲಂಬಿಯಾ ನೌಕೆಯಲ್ಲಿ ಒಬ್ಬರೇ ಸುತ್ತುತ್ತಿದ್ದವರು.

ಮೈಕೆಲ್ ಕಾಲಿನ್ಸ್ (ಲಿಮರಿಕ್ ರಾಜಕಾರಣಿ), 1997–2007ರಲ್ಲಿ ಲಿಮರಿಕ್ ವೆಸ್ಟ್ ಕ್ಷೇತ್ರದಿಂದ ಐರ್ಲೆಂಡಿನ ಸಂಸತ್ತಿನ ಕೆಳಮನೆಯಲ್ಲಿ.

ಮೈಕೆಲ್ ಕಾಲಿನ್ಸ್ (ಕಾರ್ಕ್ ರಾಜಕಾರಣಿ), 2016ರಲ್ಲಿ ಕಾರ್ಕ್ ಸೌತ್-ವೆಸ್ಟ್‌ನಿಂದ ಅದೇ ಮನೆಗೆ ಆಯ್ಕೆ.

ಇಲ್ಲಿ ಎಡವುವ ಜಾಗಗಳನ್ನು ನೋಡಿ. 'ರಾಜಕಾರಣಿ' ಎಂದಷ್ಟೇ ಬರೆದರೆ ಮೂವರು ಅದಕ್ಕೆ ಸಲ್ಲುತ್ತಾರೆ, ಕ್ರಾಂತಿಕಾರಿಯೂ ಚುನಾವಣೆ ಗೆದ್ದವರೇ. 'ಕಾರ್ಕ್‌ನವರು' ಎಂದರೆ ಇಬ್ಬರು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಸುಮಾರು ನೂರು ವರ್ಷ. ಸಮವಸ್ತ್ರದ ಫೋಟೊ ಅಂಟಿಸಿದರೂ ಸಾಲದು: ಮೊದಲನೆಯವರು ಸೇನಾ ದಂಡನಾಯಕ, ಎರಡನೆಯವರು ವಾಯುಪಡೆಯ ಅಧಿಕಾರಿ. ಫೋಟೊ ಹಿಂದೆ ಪೆನ್ಸಿಲ್ಲಿನಲ್ಲಿ ವರ್ಷ ಬರೆಯದೆ ಗೋಂದು ಹಚ್ಚಬೇಡಿ. ಇನ್ನು 'ಐರಿಷ್' ಎಂಬ ಮಾತನ್ನು ಹೆಸರಿಗೆ ಇಟ್ಟುಕೊಳ್ಳಿ, ವ್ಯಕ್ತಿಗೆ ಹಚ್ಚುವ ಮೊದಲು ಹುಟ್ಟೂರು ನೋಡಿ.

ಆವರಣದೊಳಗಿನ ಗುರುತು ಒಂದೆರಡು ಪದ ಮೀರಬಾರದು. ಹುಟ್ಟಿದ ವರ್ಷ ಕೈಗೆ ಸಿಗದಿದ್ದರೆ ಮೇಲೆ ಮಾಡಿದಂತೆ ಕೆಲಸದ ವರ್ಷ ಹಾಕಿ, ಅಂದಾಜಿನ ಹುಟ್ಟುವರ್ಷ ಬೇಡ. ಒಂದು ಸಲ ಶಾಯಿಯಲ್ಲಿ ಬಿದ್ದ ಅಂದಾಜು ಮುಂದೆ ಸತ್ಯದ ವೇಷ ಹಾಕುತ್ತದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಶಾನ್ ಕೆಲ್ಲಿ. ಇಬ್ಬರೂ ಐರ್ಲೆಂಡಿನವರು, ಇಬ್ಬರೂ 1950ರ ದಶಕದಲ್ಲಿ ಹುಟ್ಟಿದವರು, ಇಬ್ಬರಿಗೂ ಕ್ರೀಡೆಯ ನಂಟು. 1956ರಲ್ಲಿ ಹುಟ್ಟಿದವರು ಸೈಕಲ್ ಪಟು. ಟೂರ್ ಡಿ ಫ್ರಾನ್ಸ್‌ನ ಹಸಿರು ಜೆರ್ಸಿಯನ್ನು (ಆ ಸೈಕಲ್ ಸ್ಪರ್ಧೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಸಿಗುವುದು) 1982, 1983, 1985, 1989ರಲ್ಲಿ ಗೆದ್ದವರು. 1952ರಲ್ಲಿ ಹುಟ್ಟಿದವರು ಕೆರಿ ಕೌಂಟಿಯವರು, 2003–2006ರಲ್ಲಿ ಐರ್ಲೆಂಡಿನ ದೇಶೀ ಆಟಗಳನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಸಂಘದ ಅಧ್ಯಕ್ಷರು, 2009ರಿಂದ ಯೂರೋಪಿಯನ್ ಸಂಸತ್ತಿನಲ್ಲಿ. 'ಕ್ರೀಡೆ' ಎಂಬ ಗುರುತು ಇಲ್ಲಿ ಯಾವ ಕೆಲಸಕ್ಕೂ ಬಾರದು, 'ಸೈಕಲ್' ಎಂದೇ ಬರೆಯಬೇಕು. ಸೈಕಲ್ ಪಟುವಿನ ಹುಟ್ಟುಹೆಸರು ಜಾನ್ ಜೇಮ್ಸ್ ಕೆಲ್ಲಿ. ಅದನ್ನು ಬಲಪುಟದಲ್ಲಿ ಬರೆದು, ಜ ಪುಟದಿಂದ 'ಶಾನ್ ಕೆಲ್ಲಿ ನೋಡಿ' ಎಂದು ದಾರಿ ತೋರಿಸಿ.

ಹಳೆಯ ಕಾಲದವರಿಗೆ ಅವರ ಜನರೇ ಗುರುತು ಹಚ್ಚಿಕೊಟ್ಟಿದ್ದಾರೆ: ಡುವ್ ಎಂದರೆ ಕಪ್ಪು, ರುವ ಎಂದರೆ ಕೆಂಚು, ಓಗ್ ಎಂದರೆ ಕಿರಿಯ, ಮೋರ್ ಎಂದರೆ ದೊಡ್ಡ. ನಮ್ಮ ಕರಿಬಸಪ್ಪ, ಕೆಂಚಪ್ಪ, ಸಣ್ಣತಿಮ್ಮಪ್ಪ, ದೊಡ್ಡತಿಮ್ಮಪ್ಪ ಇದ್ದ ಹಾಗೆ. ಹ್ಯೂ ಓ'ನೀಲ್ ಎಂದರೆ 1616ರಲ್ಲಿ ರೋಮ್‌ನಲ್ಲಿ ತೀರಿಕೊಂಡ ಟಿರೋನ್‌ನ ಅರ್ಲ್, ಅಂದರೆ ಆ ಪ್ರದೇಶದ ಪ್ರಭು. ಹ್ಯೂ ಡುವ್ ಓ'ನೀಲ್ ಎಂದರೆ 1650ರಲ್ಲಿ ಇಂಗ್ಲೆಂಡಿನ ದಂಡನಾಯಕ ಕ್ರಾಮ್‌ವೆಲ್‌ನ ಸೇನೆಗೆ ಕ್ಲೋನ್ಮೆಲ್ ಊರಿನಲ್ಲಿ ಅಡ್ಡ ನಿಂತವನು. ಈ ಡುವ್ ಅನ್ನು 'ಮಧ್ಯದ ಹೆಸರು ತಾನೆ' ಎಂದು ಹೊಡೆದುಹಾಕಿದರೆ 34 ವರ್ಷ ಹಿಂದೆ ಸತ್ತವನನ್ನು ಯುದ್ಧಕ್ಕೆ ಕಳಿಸಿದಂತಾಗುತ್ತದೆ. ಚಿತ್ರದುರ್ಗದ ಪಾಳೆಯಗಾರರಲ್ಲೂ ಮದಕರಿ ನಾಯಕ ಒಬ್ಬನಲ್ಲ. 1779ರಲ್ಲಿ ಹೈದರ್ ಅಲಿಗೆ ಕೋಟೆ ಕಳೆದುಕೊಂಡವನು ಆ ಹೆಸರಿನ ಕೊನೆಯವನು. ಕೋಟೆ ತೋರಿಸುವವರು 'ಕೊನೆಯ ಮದಕರಿ' ಎಂದು ಬಿಡಿಸಿ ಹೇಳಿದಂತೆ ನಿಮ್ಮ ಪುಟದಲ್ಲೂ ಆ ಒಂದು ಪದ ಇರಲಿ.

ಪುಟ ಮುಗಿದ ಮೇಲೆ ಹೆಸರಿನ ಅಂಕಣವನ್ನು ಕೈಯಿಂದ ಮುಚ್ಚಿ ಉಳಿದ ನಾಲ್ಕನ್ನು ಓದಿ. ಎರಡು ಸಾಲು ಅದಲುಬದಲಾದರೂ ಗೊತ್ತಾಗುವುದಿಲ್ಲ ಎನಿಸಿದರೆ ಗುರುತು ಇನ್ನೂ ಸಡಿಲವಾಗಿದೆ. ಬದುಕಿರುವವರ ಹುಟ್ಟುವರ್ಷದ ಮುಂದೆ ಅಡ್ಡಗೆರೆ ಎಳೆದು ನಾಲ್ಕು ಅಂಕಿಯಷ್ಟು ಜಾಗ ಬಿಡಿ, ಆ ಗೆರೆ ಮಾತ್ರ ಪೆನ್ಸಿಲ್ಲಿನಲ್ಲಿರಲಿ.