ಕಾರ್ಬುರೇಟರ್ ಹಾಕಿಸುವ ಮೊದಲು ಅರ್ತ್ ವೈರ್ ನೋಡಿದೆ

ಕುಮಟಾದಿಂದ ತೆಂಗಿನಕಾಯಿ ಹೇರಿಕೊಂಡು ದೇವಿಮನೆ ಘಟ್ಟ ಹತ್ತುವಾಗ ನನ್ನ ಹಳೇ ಪೆಟ್ರೋಲ್ ಪಿಕಪ್ ಪದೇ ಪದೇ ಆಫ್ ಆಗುತ್ತಿತ್ತು. ‘ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಹಾಕಿಸಿ’ ಅಂದರು ಗ್ಯಾರೇಜಿನವರು. ಅಂದರೆ ಪಂಪಿನ ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ ತೆಗೆದು, ಗಾಳಿಯ ಸೆಳೆತದಲ್ಲೇ ಪೆಟ್ರೋಲ್ ಬೆರೆಸುವ ಹಳೇ ಸಾಧನ ಹಾಕುವುದು. ನಾನೂ ಅರ್ಧ ಒಪ್ಪಿದ್ದೆ.

ಆದರೆ ಇಂಜೆಕ್ಷನ್ ಪಂಪಿನ ಒತ್ತಡ ಸುಮಾರು 3 ಬಾರ್. ಕಾರ್ಬುರೇಟರಿಗೆ 0.3 ಸಾಕು, ಜಾಸ್ತಿಯಾದರೆ ಪೆಟ್ರೋಲ್ ಉಕ್ಕುತ್ತದೆ. ಅಂದರೆ ಪಂಪೂ ಬದಲಾಗಬೇಕು. ಈ ಗಾಡಿಯಲ್ಲಿ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಕೂಡ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್ ಕೈಯಲ್ಲೇ ಇದೆ. ಅದನ್ನು ತೆಗೆದರೆ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬೇರೆ ಹುಡುಕಬೇಕು. ಸುಮ್ನೆ ಒಂದು ಭಾಗ ಬದಲಿಸುವ ಕೆಲಸವಲ್ಲ, ಅಲ್ವಾ?

ಮಲ್ಟಿಮೀಟರ್ ಹಿಡಿದು ಕೂತೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಹತ್ತಿರ ಬರೀ 9. ಅಷ್ಟರಲ್ಲಿ ಪಂಪ್ ಸರಿಯಾಗಿ ಪೆಟ್ರೋಲ್ ತಳ್ಳುವುದಿಲ್ಲ. ಪಂಪಿನ ಅರ್ತ್ ವೈರಿನ ತುದಿ ಉಪ್ಪುಗಾಳಿಗೆ ಹಸಿರು ಹಿಡಿದಿತ್ತು! ಅದನ್ನು ಕತ್ತರಿಸಿ, ಹೊಸ ಲಗ್ (ವೈರಿನ ತುದಿಯ ಲೋಹದ ಬಳೆ) ಹಾಕಿ, ಚಾಸಿ ಉಜ್ಜಿ ಬಿಗಿದು ಗ್ರೀಸ್ ಸವರಿದೆ.

ಮಾರನೇ ದಿನ ಅದೇ ಲೋಡಿನಲ್ಲಿ ಘಟ್ಟ ಹತ್ತಿದೆ. ಒಮ್ಮೆಯೂ ನಿಲ್ಲಲಿಲ್ಲ.